ಇನ್ಫೋಸಿಸ್ ಪುರಾಣ, ಗೂಡಿನ ದುಡ್ಡು

ಕನ್ನಡದಲ್ಲಿ ಹಣಕಾಸಿನ ಬಗ್ಗೆ ಬರುವ ಪುಸ್ತಕ, ಅಂಕಣ, ಈಗೀಗ ಎರಡು ನಿಮಿಷದ ವಿಡಿಯೋ, ಯಾವುದನ್ನೇ ತಗೊಳ್ಳಿ, ಒಂದು ಕತೆ ಬಂದೇ ಬರುತ್ತೆ. 1993ರಲ್ಲಿ ಇನ್ಫೋಸಿಸ್ ಕಂಪನಿ ಒಂದು ಷೇರನ್ನು 95 ರೂಪಾಯಿಗೆ ಕೊಟ್ಟಿತು. ನೂರು ಷೇರಿಗೆ 9,500 ರೂಪಾಯಿ. ಆಮೇಲೆ 1994, 1997, 1999, 2004, 2006, 2014, 2015, 2018 ಅಂತ ಬೋನಸ್ ಮೇಲೆ ಬೋನಸ್, ನಡುವೆ ಒಂದು ಸಲ ಷೇರನ್ನೇ ಎರಡು ಹೋಳು ಮಾಡಿದ್ದು. ಅವತ್ತಿನ ನೂರು ಷೇರು ಇವತ್ತಿಗೆ 1,02,400. ಷೇರಿಗೆ 1,500 ರೂಪಾಯಿ ಅಂತ ಹಿಡಿದರೂ ಹದಿನೈದು ಕೋಟಿ ದಾಟಿತು. 'ಅವತ್ತು ನೀವು ಹಾಕಿದ್ದಿದ್ದರೆ!' ಅಂತ ಬರೆದವರು ಒಂದು ನಿಟ್ಟುಸಿರು ಬಿಡ್ತಾರೆ, ಓದಿದವರು ಎರಡು.

ಲೆಕ್ಕ ಸರಿಯಾಗಿದೆ. ನಾನು ಗೌರಿಬಿದನೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತನಾದವನು, ಪೆನ್ಸಿಲ್ ಹಿಡಿದು ಹಾಕಿ ನೋಡಿದ್ದೇನೆ. ನನ್ನ ತಕರಾರು ಈ ಕತೆ ಏನನ್ನು ಬಿಟ್ಟು ಹೇಳುತ್ತೆ ಅನ್ನೋದರ ಬಗ್ಗೆ.

ಷೇರು ಪೇಟೆಯ ಜೊತೆ ನನ್ನದು ಮೂವತ್ತು ವರ್ಷ ದಾಟಿದ ಒಡನಾಟ. ಆಗ ಅರ್ಜಿ ಫಾರಂ ಬೇಕೆಂದರೂ ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕು. ಸರ್ಟಿಫಿಕೇಟು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರೋದು. ಮಾರಬೇಕೆಂದರೆ ಇನ್ನೊಂದು ಫಾರಂ, ಅದರಲ್ಲಿ ಸಹಿ ಸ್ವಲ್ಪ ಸೊಟ್ಟಗಾದರೆ ಎಲ್ಲಾ ವಾಪಸ್. ಇನ್ಫೋಸಿಸ್‌ಗೆ ನಾನು ಅರ್ಜಿ ಹಾಕಲಿಲ್ಲ, ಅದಕ್ಕೆ ಕೈ ಹಿಸುಕಿಕೊಂಡಿದ್ದೂ ಇಲ್ಲ. ಯಾಕೆ ಗೊತ್ತಾ? ಬೆಂಗಳೂರಿನವರೇ ಅದನ್ನು ಪೂರ್ತಿ ಕೊಳ್ಳಲಿಲ್ಲ. ಕೊಳ್ಳುವವರು ಸಾಲದೆ, ಕೊನೆಗೆ ಮಾರ್ಗನ್ ಸ್ಟಾನ್ಲಿ ಬಂದು ಒಂದು ದೊಡ್ಡ ಪಾಲು ಎತ್ತಿಕೊಂಡಿತು. ಜನ ದಡ್ಡರು ಅಂತಲ್ಲ. ಆ ಎರಡು ಮೂರು ವರ್ಷದಲ್ಲಿ ಅಂಥದೇ ಕಾಗದ, ಅಂಥದೇ ಬಣ್ಣ, ಅಂಥದೇ ಮಾತಿನ ಫಾರಂಗಳು ಕಂತೆ ಕಂತೆ ಬರ್ತಿದ್ದವು. ಅವುಗಳಲ್ಲಿ ಎಷ್ಟೋ ಕಂಪನಿಗಳು ದುಡ್ಡು ಎತ್ತಿಕೊಂಡು ಮಾಯವಾದವು. ಕೊನೆಗೆ ಇವುಗಳನ್ನು ಹುಡುಕೋಕೆ ಅಂತಲೇ 1999ರಲ್ಲಿ ಸೆಬಿ ಮತ್ತು ಕೇಂದ್ರ ಸರ್ಕಾರ ಸೇರಿ ಒಂದು ಸಮಿತಿ ಮಾಡಬೇಕಾಯಿತು. ಅದೇ ಕಾಲದಲ್ಲಿ ತೇಗದ ಗಿಡದ ಹುಚ್ಚು. ಒಂದು ಗಿಡಕ್ಕೆ ಇಷ್ಟು ಕಟ್ಟಿ, ಇಪ್ಪತ್ತು ವರ್ಷಕ್ಕೆ ಲಕ್ಷಾಧೀಶರಾಗಿ! ನಮ್ಮ ಬೀದಿಯಲ್ಲೇ ಒಬ್ಬರ ಮನೇಲಿ ಆ ಸರ್ಟಿಫಿಕೇಟು ಇನ್ನೂ ಇದೆ. ತೇಗದ ಮರದ ಚಿತ್ರ ಬಹಳ ಚೆನ್ನಾಗಿದೆ.

ಗೆದ್ದ ಒಂದು ಕುದುರೆಯ ಹೆಸರು ಹೇಳಿ, ಓಡಿದ ಮಿಕ್ಕ ಕುದುರೆಗಳ ಹೆಸರೇ ಹೇಳದಿದ್ದರೆ ಅದು ಹಣಕಾಸಿನ ಬರಹ ಅಲ್ಲ, ಹರಿಕತೆ. ಕರ್ನಾಟಕದ್ದೇ ಬೇಕು ಅಂದರೆ ಕಾಫಿ ಡೇ ಇದೆ. 2015ರಲ್ಲಿ 328 ರೂಪಾಯಿಗೆ ಷೇರು ಕೊಟ್ಟರು. ಸಿದ್ಧಾರ್ಥ ಅವರು 2019ರ ಜುಲೈನಲ್ಲಿ ತೀರಿಕೊಂಡ ಮೇಲೆ ಅದು ನೂರರ ಕೆಳಗಿಳಿಯೋಕೆ ಹೆಚ್ಚು ದಿನ ಹಿಡಿಯಲಿಲ್ಲ. ಕಿಂಗ್‌ಫಿಷರ್ ವಿಮಾನ 2012ರ ಅಕ್ಟೋಬರ್‌ನಲ್ಲಿ ನಿಂತೇಹೋಯಿತು. ಈ ಷೇರುಗಳನ್ನು 'ದೀರ್ಘಕಾಲ' ಇಟ್ಟುಕೊಂಡವರ ಕತೆ ಯಾವ ಪುಸ್ತಕದಲ್ಲಿದೆ? ನಮ್ಮ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ಮಾಡಿದ್ದರು. ಹದಿನೈದು ಕೋಟಿಯ ಪವಾಡಕ್ಕೂ ಅಂಥದೊಂದು ಸಮಿತಿ ಬೇಕಿತ್ತು ಅಂತ ಎಷ್ಟೋ ಸಲ ಅನಿಸಿದೆ.

ಹೋಗಲಿ, ಇನ್ಫೋಸಿಸ್ಸೇ ಸಿಕ್ಕಿತು ಅಂತಿಟ್ಟುಕೊಳ್ಳಿ. ಕೈಯಲ್ಲಿ ಉಳಿಯಬೇಕಲ್ಲ? 2000ದ ಮಾರ್ಚ್‌ನಲ್ಲಿ ಇದ್ದ ಬೆಲೆಯಲ್ಲಿ ಸುಮಾರು ಮುಕ್ಕಾಲು ಭಾಗ 2001ರ ಸೆಪ್ಟೆಂಬರ್ ಹೊತ್ತಿಗೆ ಕರಗಿತ್ತು. 2003ರ ಏಪ್ರಿಲ್ 10ರಂದು ಒಂದೇ ದಿನದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬಿತ್ತು. 'ಧೈರ್ಯವಾಗಿ ಇಟ್ಟುಕೊಂಡವರು ಗೆದ್ದರು' ಅಂತಾರೆ. ಇದು ಧೈರ್ಯದ ಮಾತಾ? ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ಇಳಿದರೂ ನೀರು ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಬೋರ್ ಫೇಲಾದ ವಾರದಲ್ಲೇ ಇನ್ನೊಂದು ಪಾಯಿಂಟು ಕೊರೆಸಬೇಕು, ಇಲ್ಲಾಂದ್ರೆ ಹಿಪ್ಪುನೇರಳೆ ಒಣಗುತ್ತೆ. ಆ ವಾರ ಷೇರಿನ ಬೆಲೆ ಎಷ್ಟೇ ಇರಲಿ, ಮಾರೋದೇ. ಬಿದ್ದ ಷೇರನ್ನು ಇಟ್ಟುಕೊಂಡವನ ಹಿಂದೆ ಸಾಮಾನ್ಯವಾಗಿ ತಿಂಗಳ ಸಂಬಳವೋ, ಬಾಡಿಗೆ ಬರುವ ಮನೆಯೋ ಇರುತ್ತೆ. ನನ್ನ ಹಿಂದೆ ಸರ್ಕಾರಿ ಸಂಬಳ ಇತ್ತು, ಈಗ ಪಿಂಚಣಿ ಇದೆ. ನನ್ನ ತಾಳ್ಮೆಯಲ್ಲಿ ಅದರ ಪಾಲು ಎಷ್ಟು ಅನ್ನೋದು ನನಗೆ ಗೊತ್ತು.

ಈ ಬರಹಗಳಿಂದ ಉಪಕಾರವೇ ಆಗಿಲ್ಲ ಅಂತ ಹೇಳಲ್ಲ. ವಿಮೆಯನ್ನೂ ಉಳಿತಾಯವನ್ನೂ ಒಂದೇ ಪಾಲಿಸಿಯಲ್ಲಿ ಕಲಸಬೇಡಿ, ಟರ್ಮ್ ಇನ್ಶೂರೆನ್ಸ್ ಬೇರೆ ತಗೊಳ್ಳಿ ಅನ್ನೋ ಮಾತನ್ನು ಜನರ ತಲೆಗೆ ಹಾಕಿದ್ದು ಇವೇ. ಅದಕ್ಕೆ ಕೈ ಮುಗಿಯಬೇಕು. ಆದರೆ ಬರೆಯುವವರ ಕಣ್ಣ ಮುಂದೆ ಇರೋ ಓದುಗ ಒಬ್ಬನೇ: ಒಂದನೇ ತಾರೀಖು ಖಾತೆಗೆ ಸಂಬಳ ಬೀಳುವವನು. ಸಂಬಳದಲ್ಲಿ ಐವತ್ತು ಭಾಗ ಅಗತ್ಯಕ್ಕೆ, ಮೂವತ್ತು ಆಸೆಗೆ, ಇಪ್ಪತ್ತು ಉಳಿತಾಯಕ್ಕೆ ಅನ್ನೋ ಸೂತ್ರ ಎಲ್ಲರೂ ಹೇಳ್ತಾರೆ. ಅದನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು, 2005ರ ಪುಸ್ತಕದಲ್ಲಿ, ಅಲ್ಲಿಯ ಸಂಸಾರಗಳಿಗೆ. ನಮ್ಮಲ್ಲಿ 'ತಿಂಗಳಿಗೆ ಎಷ್ಟು ಬರುತ್ತಪ್ಪಾ?' ಅಂತ ಕೇಳಿದರೆ ಅರ್ಧ ಊರು ಉತ್ತರ ಹೇಳೋಕಾಗದೆ ನಗುತ್ತೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸು ಎರಡು ಸಾವಿರ ದಾಟಿತ್ತು. ಬೇರೆ ವರ್ಷ ಅದೇ ಟೊಮ್ಯಾಟೊವನ್ನು ರಸ್ತೆ ಬದಿ ಸುರಿದು ಹೋಗಿದ್ದನ್ನೂ ನೋಡಿದ್ದೇವೆ. ಇದರಲ್ಲಿ ಶೇಕಡಾ ಇಪ್ಪತ್ತು ಯಾವುದು?

ನನ್ನ ಹಳೇ ವಿದ್ಯಾರ್ಥಿ ಒಬ್ಬ ರೇಷ್ಮೆ ಬೆಳೆಯುತ್ತಾನೆ. ಗೂಡು ತಗೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗ್ತಾನೆ, ಆವತ್ತಿನ ಹರಾಜಿನಲ್ಲಿ ಏನು ಕೂಗಿದರೋ ಅದೇ ಅವನ ಸಂಬಳ. ವಿಡಿಯೋ ನೋಡಿ ಐದನೇ ತಾರೀಖಿಗೆ ಎಸ್‌ಐಪಿ ಹಾಕಿಸಿಕೊಂಡ. ಒಂದು ಬೆಳೆಗೆ ರೋಗ ಬಂತು, ಖಾತೆಯಲ್ಲಿ ದುಡ್ಡಿಲ್ಲ, ಬ್ಯಾಂಕು ದಂಡ ಹಾಕಿತು. ಹೀಗೇ ಸಾಲಾಗಿ ಮೂರು ಕಂತು ತಪ್ಪಿ, ಎಸ್‌ಐಪಿಯೇ ರದ್ದಾಯಿತು. 'ನಮ್ಮಂಥೋರಿಗೆ ಇದು ಆಗಿಬರಲ್ಲ ಬಿಡಿ ಸಾ' ಅಂದ. ಆಗಿಬರದೆ ಏನು? ಅದೇ ಫಂಡಿಗೆ ಗೂಡು ಮಾರಿದ ದಿನ, ಕೈಯಲ್ಲಿ ಇದ್ದಷ್ಟು ಒಂದೇ ಸಲ ಹಾಕಬಹುದು. ಬೆಳೆ ಕೆಟ್ಟ ತಿಂಗಳು ಹಾಕಬೇಕಾಗಿಲ್ಲ, ಯಾರೂ ದಂಡ ಹಾಕಲ್ಲ. ಈ ಎರಡು ವಾಕ್ಯ ಅವನು ನೋಡಿದ ಯಾವ ವಿಡಿಯೋದಲ್ಲೂ ಇರಲಿಲ್ಲ.

ಚೀಟಿ ಮತ್ತು ಚಿನ್ನ ಕಂಡರಂತೂ ನಮ್ಮ ಅಂಕಣಕಾರರಿಗೆ ಆಗಲ್ಲ. ಚಿನ್ನ ಸತ್ತ ದುಡ್ಡು, ಚೀಟಿ ಹಳ್ಳಿಯವರ ಅಜ್ಞಾನ. ಅವರ ಮಾತಲ್ಲಿ ಅರ್ಧ ನಿಜ ಇದೆ. ರಿಜಿಸ್ಟರ್ ಆಗದ ಚೀಟಿ ನಡೆಸಿ ರಾತ್ರೋರಾತ್ರಿ ಊರು ಬಿಟ್ಟವರನ್ನು ಚಿಂತಾಮಣಿಯಲ್ಲೂ ಕಂಡಿದ್ದೇವೆ, ಇಲ್ಲೂ ಕಂಡಿದ್ದೇವೆ. ಹಾಕೋದಾದರೆ 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ರಿಜಿಸ್ಟರ್ ಆದದ್ದಕ್ಕೇ ಹಾಕಿ. ಸರ್ಕಾರದ ಎಂಎಸ್‌ಐಎಲ್ ಕೂಡ ನಡೆಸುತ್ತೆ. ಆದರೆ ಇಪ್ಪತ್ತು ಜನ ಐದೈದು ಸಾವಿರ ಹಾಕುವ ಚೀಟಿಯಲ್ಲಿ, ಅವಸರ ಇದ್ದವನು ಕೂಗಿ, ಸ್ವಲ್ಪ ಕಮ್ಮಿಗೆ ಈ ತಿಂಗಳೇ ಎತ್ತಿಕೊಳ್ತಾನೆ. ಅವಸರ ಇಲ್ಲದವನಿಗೆ ಆ ಬಿಟ್ಟ ದುಡ್ಡಲ್ಲಿ ಪಾಲು ಬರುತ್ತೆ. ಬೇಕಾದ ದಿನ ಬೇಕಾದ ದುಡ್ಡು, ಅದಕ್ಕೊಂದು ಬೆಲೆ. ಒಡವೆಯೂ ಅಷ್ಟೇ, ಬೆಳಿಗ್ಗೆ ಇಟ್ಟರೆ ಮಧ್ಯಾಹ್ನದೊಳಗೆ ಸಾಲ. ಬೋರ್ ಕೊರೆಸುವವನಿಗೆ ಈ ಅನುಕೂಲ ಎಷ್ಟು ದೊಡ್ಡದು ಅನ್ನೋದನ್ನು ಲೆಕ್ಕಕ್ಕೆ ತಗೊಳ್ಳದೆ, ಹನ್ನೆರಡು ಪರ್ಸೆಂಟು ಆರು ಪರ್ಸೆಂಟು ಅಂತ ಹೋಲಿಸಿದರೆ ಆ ಹೋಲಿಕೆ ಸರಿಯಾಗಲ್ಲ.

ಇನ್ನೊಂದು 1993 ಇದೆ, ಅದನ್ನು ಯಾರೂ ಬರೆಯಲ್ಲ. ಆ ವರ್ಷದ ಮೇ 1ರಿಂದ ಬ್ಯಾಂಕ್ ಠೇವಣಿಯ ವಿಮೆ ಒಂದು ಲಕ್ಷಕ್ಕೆ ಏರಿತು. ಇನ್ಫೋಸಿಸ್ ಷೇರು ಸಾವಿರ ಪಟ್ಟು ಬೆಳೆದ ಅಷ್ಟೂ ವರ್ಷ ಈ ಒಂದು ಲಕ್ಷ ಹಾಗೇ ಕೂತಿತ್ತು. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಿಂದ 35,000ಕ್ಕಿಂತ ಹೆಚ್ಚು ತೆಗೆಯುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ ಕಟ್ಟು ಹಾಕಿತು. ಪಿಂಚಣಿಯ ದುಡ್ಡೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರು ಸಾಲಲ್ಲಿ ನಿಂತರು. ವಿಮೆ ಐದು ಲಕ್ಷ ಆಗಿದ್ದು ಮುಂದಿನ ತಿಂಗಳು, ಫೆಬ್ರವರಿ 4ಕ್ಕೆ.

ಆ ಐದು ಲಕ್ಷವೂ ಬ್ಯಾಂಕುಗಳಿಗೆ ಮಾತ್ರ. ಸಹಕಾರ ಬ್ಯಾಂಕಿಗೆ ಉಂಟು. ಪತ್ತಿನ ಸಹಕಾರ ಸಂಘಕ್ಕೆ, ಸೌಹಾರ್ದ ಸಹಕಾರಿಗೆ ಇಲ್ಲ. ನಮ್ಮಂಥ ಊರಲ್ಲಿ ಬಸ್ ಸ್ಟ್ಯಾಂಡಿಂದ ನಾಲ್ಕು ಹೆಜ್ಜೆ ನಡೆದರೆ ಇಂಥ ಬೋರ್ಡು ಸಿಗುತ್ತೆ. ಗಾಜಿನ ಬಾಗಿಲು, ಕೌಂಟರು, ಪಾಸ್‌ಬುಕ್ಕು, ಬ್ಯಾಂಕಿಗಿಂತ ಒಂದೂವರೆ ಪರ್ಸೆಂಟು ಜಾಸ್ತಿ ಬಡ್ಡಿ. ಚೆನ್ನಾಗಿ ನಡೆಯುವವೂ ಇವೆ, ಆದರೆ ಹೊರಗಿಂದ ನೋಡಿದರೆ ಯಾವುದು ಅಂತ ಗೊತ್ತಾಗಲ್ಲ. ಹೆಸರಲ್ಲಿ 'ಬ್ಯಾಂಕ್' ಅಂತ ಹಾಕಿಕೊಳ್ಳುವ ಸಂಘಗಳ ಬಗ್ಗೆ 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕೇ ಜನರನ್ನು ಎಚ್ಚರಿಸಿತ್ತು.

ಹೋದ ತಿಂಗಳು ರೇಷ್ಮೆಯ ಅದೇ ಹುಡುಗ ಬಂದಿದ್ದ. ಹುಡುಗ ಏನು, ಅವನಿಗೂ ಮಗಳ ಮದುವೆ ಹತ್ತಿರ ಬಂದಿದೆ. 'ಸಾ, ಎಸ್‌ಐಪಿ ಬೇಡ ಅಂತ ನಾಲ್ಕು ಲಕ್ಷ ಸೊಸೈಟಿಯಲ್ಲಿ ಇಡೋಣ ಅಂತಿದೀನಿ, ಸೇಫಲ್ವಾ?' ಅಂದ. ಪೇಟೆ ಬೀಳುತ್ತೆ ಅಂತ ಹೆದರಿ, ವಿಮೆಯೇ ಇಲ್ಲದ ಕಡೆ ಹೊರಟಿದ್ದಾನೆ. ಅವನ ಫೋನಲ್ಲಿ ಇನ್ಫೋಸಿಸ್ ಕತೆಯ ವಿಡಿಯೋ ಮೂರು ಇದ್ದವು. ಮದುವೆ ಒಂದೂವರೆ ವರ್ಷದಲ್ಲಿದೆ, ಷೇರೂ ಬೇಡ ಸೊಸೈಟಿಯೂ ಬೇಡ, ಪೋಸ್ಟಾಫೀಸಲ್ಲಿ ಒಂದು ವರ್ಷದ ಠೇವಣಿ ಇಡು, ಬಡ್ಡಿ ಕಮ್ಮಿ ಅಂತ ಗೊಣಗಬೇಡ ಅಂದೆ. ಗೊಣಗಿಕೊಂಡೇ ಹೋದ.