ಜೇವರ್ಗಿ ನಿಂತಿತು, ಆಳಂದ ಕೆಟ್ಟಿತು

ಪೈಥಾನಿನಲ್ಲಿ ಫಂಕ್ಷನ್ನಿಗೆ ಕೊಟ್ಟ ಡೀಫಾಲ್ಟ್ ಲಿಸ್ಟು ಹಿಂದಿನ ಸಲದ್ದನ್ನೆಲ್ಲ ಯಾಕೆ ಹಿಡಿದಿಟ್ಟುಕೊಳ್ಳುತ್ತದೆ ಎಂದು ಈ ವಾರ ಬರೆಯುವ ಮಾತು ಕೊಟ್ಟಿದ್ದೆ. ಅದು ಇನ್ನೊಂದು ವಾರ ಕಾಯಲಿ. ಕಲಬುರಗಿ ಜಿಲ್ಲೆಯ ಮೂರು ಹೆಸರುಗಳು ಅಡ್ಡ ಬಂದಿವೆ: ಆಳಂದ, ಅಫಜಲಪುರ, ಜೇವರ್ಗಿ.

ತಾಲ್ಲೂಕುವಾರು ತೊಗರಿ ಲೆಕ್ಕದ ಸಿಎಸ್‌ವಿ ಫೈಲು ಅಂದುಕೊಳ್ಳಿ, ಯುಟಿಎಫ್-8ರಲ್ಲಿ ಉಳಿಸಿದ್ದು. ಕೋಡ್‌ಪೇಜ್ 1252 ಇರುವ ವಿಂಡೋಸ್ ಯಂತ್ರದಲ್ಲಿ, ಎನ್‌ಕೋಡಿಂಗ್ ಹೇಳದೆ, ಒಂದೊಂದೇ ಹೆಸರು ಓದಿಸಿ ನೋಡಿ. ಜೇವರ್ಗಿಯಲ್ಲಿ ಪೈಥಾನ್ ಎರರ್ ಕೊಟ್ಟು ನಿಲ್ಲುತ್ತದೆ. ಸೊನ್ನೆಯಿಂದ ಎಣಿಸಿದರೆ 14ನೇ ಬೈಟಿನಲ್ಲಿ. ‘ರ’ದ ಮುಂದಿನ ಹಲಂತದ ಕೊನೆಯ ಬೈಟಿಗೆ 1252ರಲ್ಲಿ ಜಾಗವಿಲ್ಲ. ಅಫಜಲಪುರದಲ್ಲಿ ‘ಪು’ವಿನ ಕೊಂಬಿಗೂ ಅದೇ ಗತಿ. ಆಳಂದ ಮಾತ್ರ ಯಾವ ತಕರಾರೂ ಇಲ್ಲದೆ ದಾಟುತ್ತದೆ, ಅರ್ಥವಿಲ್ಲದ ಹನ್ನೆರಡು ಗುರುತುಗಳಾಗಿ. ನನಗೆ ಭಯ ಇರುವುದು ಈ ಆಳಂದದ ಬಗ್ಗೆಯೇ. ಎರರ್ ಬಂದವರು ಕಾರಣ ಹುಡುಕುತ್ತಾರೆ, ಬಾರದವರು ವರದಿ ಕಳಿಸಿಬಿಡುತ್ತಾರೆ. ಪೈಥಾನ್ 3.15ರಿಂದ ಯುಟಿಎಫ್-8 ತಾನಾಗಿಯೇ ಬರಬೇಕೆಂದು ಪೆಪ್ 686ರಲ್ಲಿ ತೀರ್ಮಾನವಾಗಿದೆ. ಹಳೆಯ ಆವೃತ್ತಿಗಳು ಕಚೇರಿಗಳಲ್ಲಿ ಇನ್ನೂ ಬಹಳ ಕಾಲ ಇರುತ್ತವೆ, ಹಾಗಾಗಿ ಎನ್‌ಕೋಡಿಂಗ್ ಬರೆಯುವ ಅಭ್ಯಾಸ ಬಿಡಬೇಡಿ.

ಫೈಲು ಸರಿಯಾಗಿ ತೆರೆದರೂ ಎರಡು ಪಟ್ಟಿಗಳ ಜೇವರ್ಗಿಗಳು ಕೂಡದಿರಬಹುದು. ‘ಜೇ’ಯ ಏತ್ವ ಯೂನಿಕೋಡಿನಲ್ಲಿ ಒಂದೇ ಗುರುತಾಗಿಯೂ ಬರಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರಬಹುದು. ಹಳೆಯ ಫಾಂಟಿನ ಕಡತವನ್ನು ಪರಿವರ್ತಿಸುವಾಗ ಇವೆರಡನ್ನು ಕೂಡಿಸದೆ ಬಿಟ್ಟರೆ ಲೆನ್ ಒಂದು ಕಡೆ 7, ಇನ್ನೊಂದು ಕಡೆ 8. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್‌ಗೆ ಎನ್‌ಎಫ್‌ಸಿ ಎಂದು ಕೊಟ್ಟರೆ ಎರಡೂ ಒಂದಾಗುತ್ತವೆ. ‘ಅಫಜಲ್‌ಪುರ’ ಎಂದು ಬರೆಯುವವರ ಪಟ್ಟಿಯಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಕಾಣದ ಗುರುತೊಂದು ಇರುತ್ತದೆ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಹೋಲಿಸುವ ಪ್ರತಿಯಲ್ಲಿ ರೀಪ್ಲೇಸ್ ಮಾಡಿ ತೆಗೆಯಬೇಕು.

ಇಷ್ಟು ಹೇಳಿದರೆ ಸಾಕು, “ಹೆಸರುಗಳನ್ನು ಇಂಗ್ಲಿಷಿನಲ್ಲೇ ಇಟ್ಟುಕೊಳ್ಳಿ, ಈ ತಲೆನೋವೇ ಬೇಡ” ಎನ್ನುವ ಪಂಥದವರು ಎದ್ದು ನಿಲ್ಲುತ್ತಾರೆ. ಇವರೊಂದಿಗೆ ನನ್ನ ಜಗಳ ಹಳೆಯದು. ಇಂಗ್ಲಿಷಿನಲ್ಲಿ ಜೇವರ್ಗಿಯನ್ನು ಕೆಲವರು ವಿ ಹಾಕಿ ಬರೆಯುತ್ತಾರೆ, ಕೆಲವರು ಡಬ್ಲ್ಯೂ ಹಾಕಿ. ಎನ್‌ಎಫ್‌ಸಿಯಂಥ ಮದ್ದು ಅಲ್ಲಿ ಯಾವುದಿದೆ? ಆಳಂದದ ಪಾಡು ಇನ್ನೂ ಕಷ್ಟ. ಫಿನ್ಲೆಂಡಿಗೆ ಸೇರಿದ ಓಲಂಡ್ ದ್ವೀಪಗಳ ಹೆಸರಿನಲ್ಲಿ ಮೊದಲ ಅಕ್ಷರದ ಮೇಲಿನ ಉಂಗುರ ಅಳಿಸಿದರೆ ಉಳಿಯುವುದು ನಮ್ಮ ಆಳಂದದ ಇಂಗ್ಲಿಷ್ ಕಾಗುಣಿತವೇ. ಕನ್ನಡದಲ್ಲಿ ‘ಳ’ ಇದೆ, ಆ ಗೊಂದಲವೇ ಹುಟ್ಟುವುದಿಲ್ಲ.

ಪೈಥಾನಿನ ತಪ್ಪನ್ನೂ ಹೇಳಬೇಕು. ಪದ ಹುಡುಕಲು ಆರ್‌ಇ ಮಾಡ್ಯೂಲಿಗೆ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಪ್ಲಸ್ ಕೊಟ್ಟರೆ ಜೇವರ್ಗಿ ‘ಜ’, ‘ವರ’, ‘ಗ’ ಎಂದು ಮೂರು ಚೂರಾಗಿ ಬರುತ್ತದೆ. ಗುಣಿತದ ಗುರುತುಗಳನ್ನು ಅದು ಪದದ ಭಾಗವೆಂದೇ ಒಪ್ಪುವುದಿಲ್ಲ. ದೇವನಾಗರಿ ಪಠ್ಯದ ಮೇಲೆ ಇದೇ ದೂರು 2007ರಲ್ಲೇ ದಾಖಲಾಗಿದೆ. ಪ್ರತ್ಯೇಕವಾಗಿ ಹಾಕಿಕೊಳ್ಳುವ ರೆಜೆಕ್ಸ್ ಲೈಬ್ರರಿ ಇದನ್ನು ಸರಿಪಡಿಸಿಕೊಂಡಿದೆ. ಕನ್ನಡದ ಕೆಲಸಕ್ಕೆ ಅದನ್ನೇ ಬಳಸಿ.

ಅಕ್ಷರ ಎಂದರೆ ಯಾವುದು ಎಂಬ ಮಾತು ಬಂದಾಗ ಮನಸ್ಸು ಮಳಖೇಡದತ್ತ ಹೋಗುತ್ತದೆ. ಇದೇ ಜಿಲ್ಲೆಯ ಸೇಡಂ ತಾಲ್ಲೂಕಿನ ಊರು, ಒಂಬತ್ತನೇ ಶತಮಾನದಲ್ಲಿ ನೃಪತುಂಗನ ರಾಜಧಾನಿ. ಕವಿರಾಜಮಾರ್ಗ ಹುಟ್ಟಿದ್ದು ಆ ಆಸ್ಥಾನದಲ್ಲಿ. ಪ್ರಾಸದ ಬಗ್ಗೆ ಆ ಗ್ರಂಥ ಎಷ್ಟು ಮುತುವರ್ಜಿಯಿಂದ ಮಾತಾಡುತ್ತದೆ ಎಂಬುದನ್ನು ಓದಿದವರು ಬಲ್ಲರು. ನಮ್ಮ ಆದಿಪ್ರಾಸ ನಿಲ್ಲುವುದು ಸಾಲಿನ ಎರಡನೇ ಅಕ್ಷರದ ಮೇಲೆ. ಜೇವರ್ಗಿಯ ಎರಡನೆಯದನ್ನು ಪೈಥಾನಿಗೆ ಕೇಳಿ, ಏತ್ವದ ಗುರುತು ಮಾತ್ರ ಕೈಗೆ ಬರುತ್ತದೆ, ‘ವ’ ಅಲ್ಲ. ಆದ್ದರಿಂದ ಮೊದಲು ಅಕ್ಷರ ಬಿಡಿಸುವ ಫಂಕ್ಷನ್ ಬರೆಯಿರಿ: ಸ್ವರಚಿಹ್ನೆ, ಸೊನ್ನೆ ಹಿಂದಿನದಕ್ಕೆ ಸೇರಲಿ, ಹಲಂತದ ಮುಂದಿನ ವ್ಯಂಜನವೂ ಸೇರಲಿ. ಆಮೇಲೆ ಲಘು ಗುರು ಹಾಕಿ. ಲೆನ್ 4 ಎಂದ ಆಳಂದವೂ 7 ಎಂದ ಜೇವರ್ಗಿಯೂ ಮೂರಕ್ಷರ, ಐದು ಮಾತ್ರೆ. ಎರಡೂ ಗುರು ಗುರು ಲಘು, ಅಂದರೆ ತಗಣ. ಅಫಜಲಪುರದ್ದು ಆರಕ್ಕೆ ಆರೂ ಲಘು, ಎರಡು ನಗಣ.