ಸಮತಲವನ್ನು ಸವಿಯುವ ಬಗೆ

ಸರಳರೇಖೆಯೊಂದರ ಮೇಲಿರದ ಮೂರು ಬಿಂದುಗಳು ಒಂದೇ ಒಂದು ಸಮತಲವನ್ನು ನಿರ್ಣಯಿಸುತ್ತವೆಂಬ ಮಾತು ಪಿ.ಯು. ವಿದ್ಯಾರ್ಥಿಗಳಿಗೆ ಕಂಠಸ್ಥವಾಗಿರುವುದುಂಟು, ಆದರೆ ಅದರ ಸೊಗಸು ಕಣ್ಣಿಗೆ ಗೋಚರಿಸಬೇಕಾದರೆ, ಮಾರ್ಕುಸ್ ಹೋಹೆನ್‌ವಾರ್ಟರ್ ಆರಂಭಿಸಿದ, 2014ರಲ್ಲಿ ಮೂರು ಆಯಾಮಗಳ ಚಿತ್ರಣವನ್ನು ಪಡೆದ ಜಿಯೋಜಿಬ್ರಾ ತಂತ್ರಾಂಶದೆದುರು ತುಸು ಸಾವಧಾನವಾಗಿ ಕುಳಿತಿರಬೇಕು.

(3,0,0), (0,2,0), (0,0,6) ಎಂಬ ಬಿಂದುಗಳನ್ನಿಟ್ಟು, ಅವುಗಳ ಮೂಲಕ ಸಮತಲವನ್ನು ರಚಿಸಿರಿ. ಎಕ್ಸ್‌ನ ಎರಡರಷ್ಟು, ವೈಯ ಮೂರರಷ್ಟು ಮತ್ತು ಝಡ್ ಕೂಡಿ 6 ಆಗುವ ಬಿಂದುಗಳೆಲ್ಲವೂ ಪಾರದರ್ಶಕವಾದ ಹಾಳೆಯೊಂದರ ರೂಪದಲ್ಲಿ ಓರೆಯಾಗಿ ನಿಲ್ಲುವುವು. ಹಾಳೆಯ ಅಂಚನ್ನು ಮಾತ್ರ ನಂಬಬೇಡಿರಿ: ಅದು ಪರದೆಯ ಅನುಕೂಲಕ್ಕೆ ಎಳೆದ ಗಡಿ, ಸಮತಲಕ್ಕೆ ಕೊನೆಯೆಂಬುದಿಲ್ಲ. ಬಳಿಕ ದೃಶ್ಯವನ್ನು ಮೆಲ್ಲನೆ ತಿರುಗಿಸುತ್ತ, ಹಾಳೆಯು ಕಿರಿದಾಗಿ ಗೆರೆಯಾಗುವವರೆಗೆ ನೋಡಿರಿ.

ಇಷ್ಟಾದ ಮೇಲೆ, ನನ್ನ ಅಭಿಪ್ರಾಯದಲ್ಲಿ ಈ ರಚನೆಯ ಅತ್ಯಂತ ರಮ್ಯವಾದ ಘಟ್ಟವು ಬರುತ್ತದೆ. ಮೂರನೆಯ ಬಿಂದುವನ್ನು ಒಮ್ಮೆ ಒತ್ತಿದರೆ ಅದು ಮೇಲೆ ಕೆಳಗೆ, ಮತ್ತೊಮ್ಮೆ ಒತ್ತಿದರೆ ಅಡ್ಡಡ್ಡಲಾಗಿ ಸರಿಯುವುದು, ಹೀಗೆ ಅದನ್ನು (1.5,1,0) ಎಂಬಲ್ಲಿಗೆ, ಅಂದರೆ ಮೊದಲೆರಡು ಬಿಂದುಗಳ ನಟ್ಟನಡುವಿಗೆ, ಒಯ್ಯಿರಿ. ಗುರಿ ಸಮೀಪಿಸಿದಂತೆ ಬಿಂದುವಿನ ಕಿಂಚಿತ್ ಚಲನೆಗೂ ಸಮತಲವೆಲ್ಲ ಹೊಯ್ದಾಡಿ, ಬಿಂದುವು ರೇಖೆಯನ್ನು ಸೇರಿದ ಕ್ಷಣದಲ್ಲಿ ಅದೃಶ್ಯವಾಗುವುದು. ಇದನ್ನು ದೋಷವೆಂದು ಬಗೆದು ಅವಸರದಿಂದ ಹಿಂದಿರುಗಬಾರದು. ಒಂದು ರೇಖೆಯ ಮೂಲಕ ಅನಂತ ಸಮತಲಗಳು ಹಾಯಬಲ್ಲುವಾದ್ದರಿಂದ, ಅವುಗಳಲ್ಲಿ ಇದೇ ಸರಿಯೆಂದು ಆಯಲು ತಂತ್ರಾಂಶಕ್ಕೆ ಯಾವ ಆಧಾರವೂ ಉಳಿದಿಲ್ಲ. ಪ್ರಮೇಯದಲ್ಲಿ ನಿಬಂಧನೆಯಾಗಿ ಮಾತ್ರ ಕೇಳಿದ್ದು ಇಲ್ಲಿ ಪ್ರತ್ಯಕ್ಷವಾಗುತ್ತದೆ.

ಕಲಬುರಗಿ ಸೀಮೆಯವರು ಇದನ್ನು ತಮ್ಮ ನೆಲಕ್ಕೇ ಅನ್ವಯಿಸಿ ನೋಡಬಹುದು. ವಾಯವ್ಯಕ್ಕೆ ಆಳಂದ, ಪಶ್ಚಿಮಕ್ಕೆ ಅಫಜಲಪುರ, ದಕ್ಷಿಣಕ್ಕೆ ಜೇವರ್ಗಿ: ಇವು ಒಂದೇ ರೇಖೆಯ ಮೇಲಿಲ್ಲವಾದ್ದರಿಂದ ಇವುಗಳಿಗೂ ಒಂದೇ ಸಮತಲವುಂಟು. ಆಳಂದದ ಕಡೆಯಿಂದ ಇಳಿದುಬರುವ ಅಮರ್ಜಾ ನದಿಯು ಗಾಣಗಾಪುರದಲ್ಲಿ ಭೀಮೆಯನ್ನು ಸೇರುವುದು, ಭೀಮೆಯು ಜೇವರ್ಗಿಯತ್ತ ಸಾಗುವುದು. ಆದ್ದರಿಂದ ತೊಗರಿಯ ಹೊಲಗಳ ನಡುವೆ ನಿಂತವನಿಗೆ ಮಟ್ಟವಾಗಿ ತೋರುವ ಈ ಸೀಮೆಯ ಇಳಿಜಾರನ್ನು ನೀರೇ ತೋರಿಸಿಕೊಡುತ್ತದೆ. ಆದರೆ ಮೂರು ಊರುಗಳ ಸಮತಲವು ನೆಲಕ್ಕೆ ಅಂಟಿಕೊಂಡೇ ಇರುವುದೆಂದು ಬಗೆಯಬಾರದು: ತಂತ್ರಾಂಶದಲ್ಲಿ ಗೋಳವೊಂದನ್ನು ರಚಿಸಿ, ಅದರ ಮೈಮೇಲೆ ಮೂರು ಬಿಂದುಗಳನ್ನಿಟ್ಟು ಸಮತಲವನ್ನೆಳೆದರೆ, ಅದು ಮೈಯನ್ನು ಹೊದೆಯದೆ ಗೋಳವನ್ನು ಕೊಯ್ದು ಒಳಹೊಕ್ಕಿರುವುದು ಕಾಣುತ್ತದೆ. ಭೂಮಿಯೂ ಗೋಳವೇ ಅಷ್ಟೆ. ಊರೂರಿನ ಏರಿಳಿತಗಳನ್ನು ಬದಿಗಿಟ್ಟು ಲೆಕ್ಕಹಾಕಿದರೆ, 60 ಕಿಲೋಮೀಟರ್ ಅಂತರದ ಎರಡು ಊರುಗಳನ್ನು ಸೇರಿಸುವ ನೇರ ಗೆರೆಯು ನಟ್ಟನಡುವೆ ಭೂಮಿಯ ಬಾಗಿದ ಮೈಗಿಂತ ಸುಮಾರು 70 ಮೀಟರು ಕೆಳಗಿರುತ್ತದೆ.