ಒಂದು ದುಂಡು ಅಕ್ಷರದ ಗುಣಸ್ವಭಾವ

ಪುಸ್ತಕ ವಿಮರ್ಶೆಯ ಕೊನೆಯಲ್ಲಿ ‘ಮುದ್ರಣ ಅಂದವಾಗಿದೆ’ ಎಂದೊಂದು ವಾಕ್ಯ ಸೇರಿಸಿ ಕೈತೊಳೆದುಕೊಳ್ಳುವ ವಾಡಿಕೆ ನಮ್ಮಲ್ಲುಂಟು. ನಾನೂ ಹಾಗೆ ಬರೆದವನೇ. ಅಂದವಾಗಿದ್ದುದು ಯಾವುದು, ಏಕೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ತಡವರಿಸುತ್ತಿದ್ದೆ. ಆ ಹಳೆಯ ಸಾಲದಲ್ಲಿ ಸ್ವಲ್ಪವನ್ನಾದರೂ ತೀರಿಸೋಣವೆಂದು ಇಂದು ಒಂದೇ ಒಂದು ರೋಮನ್ ಅಚ್ಚಕ್ಷರದ ವಿಚಾರ ಎತ್ತಿಕೊಂಡಿದ್ದೇನೆ. ಅದರ ಹೆಸರು ಕೂಪರ್ ಬ್ಲ್ಯಾಕ್.

ಹೆಸರು ತಿಳಿಯದ ವಾಚಕರೂ ಇದನ್ನು ಎಲ್ಲಾದರೂ ಕಂಡಿರುತ್ತಾರೆ. ದಪ್ಪ, ಕುಳ್ಳು, ಮೂಲೆಯೆಂಬುದೇ ಇಲ್ಲ. ಹಬ್ಬದ ಊಟ ಮುಗಿಸಿ ಕಂಬಕ್ಕೊರಗಿ ಕುಳಿತ ಸೋದರಮಾವನ ಹಾಗೆ. ‘ಓ’ ಅಕ್ಷರದ ನಡುವಣ ಬಿಳಿಯ ಕಣ್ಣು ನೆಟ್ಟಗೆ ನಿಂತಿಲ್ಲ, ಹಿಂದಕ್ಕೆ ವಾಲಿದೆ. ಸಣ್ಣ ‘ಐ’ ಮೇಲಣ ಚುಕ್ಕೆ ಕೂಡ ಓರೆಯಾದ ಮೊಟ್ಟೆ. ಅಕ್ಷರಗಳ ಪಾದವೂ ದುಂಡಗಿರುವುದರಿಂದ, ನೆಲದ ಮೇಲಿಟ್ಟ ಗಡಿಗೆಯಂತೆ ಮುಟ್ಟಿದರೆ ತೂಗಾಡೀತೇನೋ ಎನ್ನಿಸುತ್ತದೆ.

ಇದನ್ನು ಬರೆದವನು ಅಮೆರಿಕದ ಷಿಕಾಗೋ ನಗರದ ಆಸ್ವಾಲ್ಡ್ ಕೂಪರ್. ಎರಕ ಹೊಯ್ದು ಮಾರಾಟಕ್ಕಿಟ್ಟದ್ದು ಅದೇ ಊರಿನ ಬಾರ್ನ್‌ಹಾರ್ಟ್ ಬ್ರದರ್ಸ್ ಮತ್ತು ಸ್ಪಿಂಡ್ಲರ್ ಕಂಪನಿ, 1922ರಲ್ಲಿ. ಜಾಹೀರಾತುದಾರರು ಮುಗಿಬಿದ್ದರು, ಸಂಪ್ರದಾಯಸ್ಥ ಮುದ್ರಕರು ಮೂಗು ಮುರಿದರು. ದೂರದೃಷ್ಟಿಯ ಮುದ್ರಕರಿಗೂ ಹ್ರಸ್ವದೃಷ್ಟಿಯ ಗಿರಾಕಿಗಳಿಗೂ ಇದು ಹೇಳಿಮಾಡಿಸಿದ ಅಕ್ಷರ ಎಂಬ ಅರ್ಥದಲ್ಲಿ ಕೂಪರನೇ ಚಟಾಕಿ ಹಾರಿಸಿದ್ದನಂತೆ. ಅವನಿಗೆ ಷಿಕಾಗೋದಲ್ಲಿ ಅಕ್ಷರವಿದ್ಯೆ ಕಲಿಸಿದ ಫ್ರೆಡರಿಕ್ ಗೌಡಿಯ ಪಾಡು ಇನ್ನೂ ಸ್ವಾರಸ್ಯದ್ದು. ಕೂಪರ್ ಬ್ಲ್ಯಾಕ್‌ಗೆ ಎದುರಾಳಿಯಾಗಿ ಒಂದು ದಪ್ಪಕ್ಷರ ಬೇಕೆಂದು ಲ್ಯಾನ್‌ಸ್ಟನ್ ಮಾನೋಟೈಪ್ ಕಂಪನಿ ಕೇಳಿದಾಗ, ಗುರು 1925ರಲ್ಲಿ ಶಿಷ್ಯನ ದಾರಿ ಹಿಡಿಯಬೇಕಾಯಿತು. ಶಿಷ್ಯನದೇ ಮೇಲು ಎಂದು ನನ್ನ ಮತ.

ಏಕೆಂದರೆ ದಪ್ಪ ಮಾಡುವುದು ಸುಲಭವಲ್ಲ. ಕಪ್ಪು ಬೆಳೆದಷ್ಟೂ ಅಕ್ಷರದ ಹೊಟ್ಟೆಯೊಳಗಿನ ಬಿಳಿ ಕುಗ್ಗುತ್ತದೆ. ಓದುವ ಕಣ್ಣಿಗೆ ಬೇಕಾದದ್ದು ಆ ಬಿಳಿಯೇ. ಕೂಪರ್ ಅದನ್ನು ಸೀಳಿನಷ್ಟು ಉಳಿಸಿಯೂ ಅಕ್ಷರದ ಗುರುತು ಕೆಡದಂತೆ ನೋಡಿಕೊಂಡ. ಇನ್ನೊಂದು ಜಾಣತನವೂ ಇದೆ. ಚೂಪು ಮೂಲೆಯ ಮೊಳೆ ಸವೆದರೆ, ಮಸಿ ಹರಡಿದರೆ, ಕೂಡಲೇ ಕಾಣುತ್ತದೆ. ಇವನ ಅಕ್ಷರದ ಮೂಲೆ ಹುಟ್ಟುವಾಗಲೇ ಸವೆದದ್ದು. ಒರಟು ಕಾಗದ, ಅವಸರದ ಅಚ್ಚು ಅದಕ್ಕೆ ಹೊಸದಾಗಿ ಮಾಡುವ ಕೇಡು ಹೆಚ್ಚಿಲ್ಲ. ಸಾಲಿನ ಕೆಳಗೆ ಇಳಿಯುವ ಬಾಲಗಳು ಮೊಟಕಾದ್ದರಿಂದ ಸಾಲುಗಳನ್ನು ಒತ್ತೊತ್ತಾಗಿ ಕೂರಿಸಲೂ ಬರುತ್ತದೆ.

ಕನ್ನಡದಲ್ಲಿ ದಪ್ಪಕ್ಷರದ ಕಷ್ಟ ಬೇರೆ ಬಗೆಯದು. ‘ಧ’ದ ಕೆಳಗಣ ಸೀಳಿನಲ್ಲಿ ಮಸಿ ತುಂಬಿತೆಂದರೆ ಧನ ಹೋಗಿ ದನವಾಗುತ್ತದೆ. ಅದಕ್ಕಿಂತ ನನ್ನನ್ನು ಕಾಡಿದ ಸಂಗತಿ ಇನ್ನೊಂದು. ಕೂಪರ್ ಬ್ಲ್ಯಾಕ್ ಸ್ನೇಹಮಯಿ, ದುಂಡಗಿರುವುದೇ ಅದಕ್ಕೆ ಕಾರಣ ಎಂದು ಬಲ್ಲವರು ಹೇಳುತ್ತಾರೆ. ನಾವು ಓದು ಕಲಿತದ್ದೇ ದುಂಡು ಅಕ್ಷರದಲ್ಲಿ. ನ್ಯಾಯಾಲಯದ ನೋಟೀಸೂ ನಮಗೆ ದುಂಡಗೇ ಬರುತ್ತದೆ; ಅದನ್ನು ಕಂಡು ಯಾರೂ ನಕ್ಕಿದ್ದಿಲ್ಲ. ಆದ್ದರಿಂದ ಸ್ನೇಹ ಇರುವುದು ದುಂಡಿನಲ್ಲಲ್ಲ. ನೆಟ್ಟಗೆ ನಿಂತ ರೋಮನ್ ಅಕ್ಷರಗಳ ಸಭೆಯಲ್ಲಿ ಇದೊಂದು ಚಕ್ಕಂಬಕ್ಕಳ ಹಾಕಿ ಕುಳಿತಿದೆಯಲ್ಲ, ಆ ವ್ಯತ್ಯಾಸದಲ್ಲಿದೆ.

ಹಾಗಾದರೆ ಎಲ್ಲರೂ ಚಕ್ಕಂಬಕ್ಕಳ ಹಾಕಿ ಕುಳಿತರೆ? 1960ರ ದಶಕದಿಂದ ಆದದ್ದು ಹೆಚ್ಚುಕಡಮೆ ಅದೇ. ಸೀಸದ ಮೊಳೆಯ ಹಂಗು ತಪ್ಪಿತು. ಉಜ್ಜಿದರೆ ಕಾಗದಕ್ಕೆ ಹತ್ತುವ ಅಕ್ಷರಗಳ ಹಾಳೆ ಬಂತು. 1970ರ ದಶಕದಲ್ಲಿ ಅಮೆರಿಕದ ಹುಡುಗರು ಇದನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಅಂಗಿಯ ಎದೆಗೆ ಅಂಟಿಸಿಕೊಂಡರು. 1995ರಲ್ಲಿ ಹುಟ್ಟಿದ ಈಸಿಜೆಟ್ ಕಂಪನಿ ಕಿತ್ತಳೆ ಬಣ್ಣದ ಜೊತೆಗೆ ಇದನ್ನೂ ವಿಮಾನಗಳಿಗೆ ತೊಡಿಸಿತು. ಅಗ್ಗದ ಪ್ರಯಾಣಕ್ಕೆ ಬಿಗುಮಾನವಿಲ್ಲದ ಅಕ್ಷರ ಒಪ್ಪುತ್ತದೆ, ನಿಜ. ಆದರೆ ದಿನವಿಡೀ ಬಾಗಿಲಲ್ಲಿ ನಿಂತು ನಗುವುದೇ ಕೆಲಸವಾದವನ ನಗೆಯನ್ನು ಎಷ್ಟು ನಂಬುವುದು? ಬಲವಂತದ ಉಪಚಾರ ನನಗೆ ಊಟವನ್ನೂ ಕೆಡಿಸುತ್ತದೆ, ಓದನ್ನೂ ಕೆಡಿಸುತ್ತದೆ.

ಈ ಅಕ್ಷರಕ್ಕೆ ಅಳಲು ಬಾರದು ಎಂದು ಬಹುಕಾಲ ನಂಬಿದ್ದೆ. ಬಿ.ಬಿ.ಸಿ.ಯಲ್ಲಿ 1968ರಿಂದ 1977ರವರೆಗೆ ಬಂದ ‘ಡ್ಯಾಡ್ಸ್ ಆರ್ಮಿ’ ಹಾಸ್ಯಮಾಲೆಗೆ ಇದು ಚೆನ್ನಾಗಿ ಹೊಂದಿತ್ತು: ಯುದ್ಧದ ಕಾಲ, ವಯಸ್ಸಾದವರ ಪಡೆ, ಮೇಲೆ ಈ ಬೊಜ್ಜಿನ ಅಕ್ಷರ. ಅಲ್ಲಿಗೆ ಅದರ ಎಲ್ಲೆ ಮುಗಿಯಿತು ಎಂದುಕೊಂಡಿದ್ದವನ ಮಾತನ್ನು ಸುಳ್ಳು ಮಾಡಿದ್ದು ಬೀಚ್ ಬಾಯ್ಸ್ ತಂಡದ 1966ರ ಧ್ವನಿಮುದ್ರಿಕೆ ‘ಪೆಟ್ ಸೌಂಡ್ಸ್’. ಹೊದಿಕೆಯ ಮೇಲೆ ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಮೇಕೆಗಳಿಗೆ ತಿನ್ನಿಸುತ್ತಿರುವ ಹುಡುಗರು. ತಲೆಯ ಮೇಲಣ ಹಸಿರು ಪಟ್ಟಿಯಲ್ಲಿ ಕೂಪರ್ ಬ್ಲ್ಯಾಕ್. ಮಕ್ಕಳ ಪದ್ಯಗಳೇ ಇರಬೇಕು ಎನ್ನಿಸುತ್ತದೆ. ಒಳಗಿರುವುದು ಮುಗಿದುಹೋಗುತ್ತಿರುವ ಹರೆಯದ ಅಂಜಿಕೆ, ಒಂಟಿತನ. ಕೊನೆಯ ಹಾಡು ಬದಲಾಗಿಹೋದ ಒಬ್ಬ ಹುಡುಗಿಯನ್ನು ಕುರಿತದ್ದು. ಅದು ಮುಗಿದಾಗ ಒಂದು ರೈಲು ಹಾದುಹೋಗುತ್ತದೆ, ನಾಯಿಗಳು ಬೊಗಳುತ್ತವೆ. ಆಮೇಲೆ ಹೊದಿಕೆಯನ್ನು ಮತ್ತೆ ಕೈಗೆತ್ತಿಕೊಂಡೆ. ಅಕ್ಷರಗಳು ಮೊದಲಿನಷ್ಟೇ ದುಂಡಗಿದ್ದವು, ನಗುತ್ತಿರಲಿಲ್ಲ.